ಹತ್ತೊಂಬತ್ತು ಪಾತ್ರಗಳ ಜೊವಾನಿಟಾ ಆಂಟಿ

ಜೊವಾನಿಟಾ ಆಂಟಿ,

ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ನನ್ನ ಬಾಡಿಗೆ ಕೋಣೆಯಿಂದ ಬರೆಯುತ್ತಿದ್ದೇನೆ. ನೀವು ತೀರಿಹೋಗಿ ಇಪ್ಪತ್ತಾರು ದಿನವಾಯಿತು. ಇದನ್ನು ಎಲ್ಲಿಗೆ ಕಳಿಸಲಿ?

ಇವತ್ತು ಮೆಲ್ಬರ್ನ್‌ನಿಂದ ನಿಮ್ಮ ತಂಗಿ ಇನೇಜ್ ಆಂಟಿ ಫೋನ್ ಮಾಡಿದ್ದರು. ಇಗರ್ಜಿಯಲ್ಲಿ ನಡೆಯುವ ನಿಮ್ಮ ತಿಂಗಳ ಪೂಜೆಯಲ್ಲಿ ಓದಲು ಜೀವನ ಪರಿಚಯ ಬೇಕಂತೆ.

“ನಾನಾ ಬರೆಯುವುದು?”

“ಮತ್ತೆ ಯಾರು ಮಾರಾಯ ಲೆಸ್ಟರ್? ಅವಳ ಟಿವಿ ಪಾತ್ರ ಎಲ್ಲ ಹುಡುಕಿ ತೆಗೆದವ ನೀನೊಬ್ಬನೇ. ಆ ಪಾಂಪ್ಲೆಟ್ ಉಂಟಲ್ಲ, ಬೈದದ್ದು ಬಿಟ್ಟು ಉಳಿದದ್ದು ಕಳಿಸು.”

ನಮ್ಮ ಮಂಗಳೂರು ಕ್ರೈಸ್ತರ ಹೊಸ ತೆನೆಯ ಹಬ್ಬವಾದ ಮೊಂತಿ ಹಬ್ಬದಲ್ಲಿ ನಾನು ಹಂಚಿದ ಕರಪತ್ರ ಅದು. ಮೂವತ್ತು ವರ್ಷ ಲಂಡನ್ನಿನ ಟಿವಿಯಲ್ಲಿ ಆಯಾ, ನರ್ಸ್, ಅಂಗಡಿಯವಳಾಗಿ ನಟಿಸಿ ನಮ್ಮನ್ನು ಬಿಳಿಯರೆದುರು ಆಳುಗಳನ್ನಾಗಿ ನಿಲ್ಲಿಸಿದಿರಿ ಎಂದು ಬರೆದಿದ್ದೆ. ಹಬ್ಬಕ್ಕೆಂದೇ ಸಿಡ್ನಿಗೆ ಬಂದಿದ್ದ ನೀವು ಹೊಸ ಅಕ್ಕಿಯ ಊಟಕ್ಕೂ ಕೂರದೆ ಹೊರಟಿರಿ. ತತ್ವ ಗೆದ್ದಿತು ಎಂದುಕೊಂಡೆ.

ಬೈಗುಳವನ್ನೆಲ್ಲ ಹೊಡೆದುಹಾಕಿದೆ. ಹತ್ತೊಂಬತ್ತು ಪಾತ್ರಗಳ ಪಟ್ಟಿ ಉಳಿಯಿತು. ಅವುಗಳಲ್ಲಿ ಹದಿನಾಲ್ಕು ಪಾತ್ರಗಳಿಗೆ ಹೆಸರೇ ಇಲ್ಲ. ನೀವು ಯಾಕೆ ನಟಿಯಾದಿರೆಂದು ನನಗೆ ಗೊತ್ತಿಲ್ಲ; ನಿಮ್ಮ ಒಂದು ಕಂತನ್ನೂ ಪೂರ್ತಿ ನೋಡಿಲ್ಲ.

ಸಂಜೆ ಇನೇಜ್ ಆಂಟಿಗೆ ಫೋನಿನಲ್ಲಿ ಓದಿ ಹೇಳಿದೆ.

“ಸಾಕು. ಆದ್ರೆ ನಿನ್ನ ಪಾಂಪ್ಲೆಟ್‌ನಲ್ಲಿ ಒಂದು ಪಾತ್ರ ಬಿಟ್ಟುಹೋಗಿದೆ ಅಂತ ಅವಳು ಹೇಳ್ತಿದ್ಳು. ‘ಚೆಂದದ್ದನ್ನೇ ಬಿಟ್ಟಿದ್ದಾನೆ, ಲೆಸ್ಟರ್ ಕೇಳಿದ್ರೆ ಹೇಳ್ತೇನೆ’ ಅಂತ ನಗ್ತಿದ್ಳು.”

“ಯಾವುದು ಆಂಟಿ?”

“ನನಗೇನು ಗೊತ್ತು? ನೀನು ಕೇಳ್ತಿ ಅಂತ ಅವಳು ಕಾದದ್ದು.”

ಭಾನುವಾರ ಪೂಜೆ. ಪಟ್ಟಿಯ ಕೊನೆಯಲ್ಲಿ ‘ಇಪ್ಪತ್ತು’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದೇನೆ. ಆ ಸಾಲನ್ನು ತುಂಬಲಿಕ್ಕೂ ಆಗುತ್ತಿಲ್ಲ, ಅಳಿಸಲಿಕ್ಕೂ ಆಗುತ್ತಿಲ್ಲ.

ಲೆಸ್ಟರ್