ಹಾಲೂಡಿಸುವ ಅರ್ಧ ಗಂಟೆ

ಕ್ಸಾರ್ ಹೆಲಾಲ್,
ಭಾನುವಾರ, 12 ಫೆಬ್ರವರಿ 2006

ಪ್ರೀತಿಯ ಮಗಳು ಎಮ್ನಾಳಿಗೆ,

ನೀನೂ ನಿಜಾರನೂ ಪುಟ್ಟ ಸೀರೀನಳೂ ಸ್ಫಾಕ್ಸ್‌ನಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ಅದಿರುವುದು ನಿನ್ನ ಅಪ್ಪನ ಕುರ್ಚಿಯ ಪಕ್ಕದಲ್ಲಿ. ಈಗ ಅವರು ಕೆಫೆಗೆ ಹೋಗಿದ್ದಾರೆ, ಮಧ್ಯಾಹ್ನದ ಊಟದವರೆಗೆ ಬರುವುದಿಲ್ಲ.

ಹಾಲೂಡಿಸುವ ಬಿಡುವನ್ನು ಬಿಟ್ಟುಕೊಟ್ಟು ಸಹಿ ಹಾಕಿದರೆ ವಿಮಾ ಕಚೇರಿಯಲ್ಲಿ ನಿನ್ನನ್ನು ವಿಭಾಗದ ಮುಖ್ಯಸ್ಥೆ ಮಾಡುತ್ತಾರೆಂದು ಬರೆದಿದ್ದೀಯ. ಈ ತಿಂಗಳ ಕೊನೆಯೊಳಗೆ ಹೇಳಬೇಕಂತೆ. "ನೀನು ಹೇಗೆ ನಿಭಾಯಿಸಿದೆಯಮ್ಮ?" ಎಂದು ಕೇಳಿದ್ದೀಯ. ಕೊನೆಗೆ ತಮಾಷೆಗೆ, "ಮಗುವಾಗಿದ್ದಾಗ ಎರಡೇ ತಿಂಗಳಿಗೆ ನಾನು ಮೊಲೆ ಬಿಟ್ಟ ಹಾಗೆ ಸೀರೀನಳೂ ಬಿಟ್ಟರೆ ಎಲ್ಲ ಸುಲಭ, ಹಾಗೆಂದು ಹಾರೈಸು" ಎಂದೂ ಸೇರಿಸಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಮೊದಲು ಇಲ್ಲಿಯ ಸುದ್ದಿ ಹೇಳುತ್ತೇನೆ. ಕಾರ್ಖಾನೆಯಲ್ಲಿ ನನ್ನ ಸಾಲಿನಲ್ಲಿ ಪ್ಯಾಂಟಿಗೆ ಜಿಪ್ ಕೂರಿಸುತ್ತಿದ್ದ ಬಸ್ಮಾಳನ್ನು ಮಂಗಳವಾರ ಕೆಲಸದಿಂದ ತೆಗೆದರು. ಅವಳ ಮಗುವಿಗೆ ಆರು ತಿಂಗಳು. ಗಂಡ ಲಸ್ಸಾದ್ ಮಗ್ಗದ ಕೆಲಸದಲ್ಲಿದ್ದ. ಆ ಶೆಡ್ಡು ಮುಚ್ಚಿದ ಮೇಲೆ ಮನೆಯಲ್ಲಿದ್ದು ಮಗು ನೋಡಿಕೊಳ್ಳುತ್ತಿದ್ದಾನೆ. ಬೆಳಿಗ್ಗೆ ಹತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಮಗುವನ್ನು ಉಣ್ಣೆಯ ನಿಲುವಂಗಿಯೊಳಗೆ ಬೆಚ್ಚಗೆ ಸುತ್ತಿ ಗೇಟಿಗೆ ತರುತ್ತಿದ್ದ. ಬಸ್ಮಾ ಕಾವಲುಗಾರನ ಕೋಣೆಯಲ್ಲಿ ಕೂತು ಹಾಲೂಡಿಸಿ ವಾಪಸಾಗುತ್ತಿದ್ದಳು. ಮೊದಲ ಎರಡು ತಿಂಗಳು ಒಂದು ನಿಮಿಷವೂ ಆಚೀಚೆ ಆಗಲಿಲ್ಲ.

ಗೇಟಿನ ಎದುರಿಗೇ ಕೆಫೆ ಇರುವುದು ನಿನಗೆ ಗೊತ್ತು. ಅಲ್ಲಿ ಯಾರು ಕೂತಿರುತ್ತಾರೆಂಬುದೂ ಗೊತ್ತು. ಒಂದು ದಿನ ನಿನ್ನ ಅಪ್ಪ ಬೀದಿಗೆಲ್ಲ ಕೇಳುವಂತೆ, "ಏನಪ್ಪಾ ಲಸ್ಸಾದ್, ಹಾಲು ತರೋಕೆ ಹೊರಟ್ಯಾ? ಬರ್ತಾ ನಮ್ಮ ಕಾಫಿಗೂ ಒಂಚೂರು ತಗೊಂಡ್ ಬಾ" ಎಂದರಂತೆ. ಎಲ್ಲರೂ ನಕ್ಕರಂತೆ. ಮರುದಿನವೂ ಅದೇ ಮಾತು, ಅದರ ಮರುದಿನವೂ. ಹೇಳುವವರು ಯಾರು? ತಮ್ಮ ಮಗ್ಗ ನಿಂತು ಹನ್ನೊಂದು ವರ್ಷವಾದರೂ ಕುಡಿದ ಕಾಫಿ ಲೋಟ ತೊಳೆಯದ ನಿನ್ನ ಅಪ್ಪ ಮೊಂಜಿ. ಆ ಕಾಫಿಯೂ ನನ್ನ ಸಂಬಳದ್ದೇ.

ಲಸ್ಸಾದ್ ಜಗಳ ಮಾಡಲಿಲ್ಲ. ದಾರಿ ಬದಲಿಸಿದ. ಗಾಣದ ಹಿಂದಿನಿಂದ, ಆಲಿವ್ ತೋಟದ ಅಂಚಿನಲ್ಲಿ ಸುತ್ತಿ, ಕಾರ್ಖಾನೆಯ ಹಿತ್ತಿಲ ಗೋಡೆಯ ಚಿಕ್ಕ ಬಾಗಿಲಿಗೆ ಬರತೊಡಗಿದ. ಕೆಸರಿನ ದಾರಿ, ಕೈಯಲ್ಲಿ ಮಗು. ಮಗು ಎದ್ದ ಕೂಡಲೇ ಹೊರಟರೂ ಬರುವಾಗ ಹತ್ತೂ ಹತ್ತಾಗುತ್ತಿತ್ತು. ಬಿಡುವಿನ ಗಂಟೆ ಹೊಡೆಯುವುದು ಮಾತ್ರ ಹತ್ತಕ್ಕೆ, ಮುಗಿಯುವುದು ಹತ್ತೂವರೆಗೆ. ಕುಡಿಯುತ್ತಿರುವ ಮಗುವನ್ನು ಎಳೆದು ತೆಗೆಯಲು ಬಸ್ಮಾಳಿಗೆ ಆಗುತ್ತಿರಲಿಲ್ಲ. ಹತ್ತೂ ನಲವತ್ತಕ್ಕೆ ಓಡಿ ಬರುತ್ತಿದ್ದಳು. ಜಿಪ್ ಇಲ್ಲದ ಪ್ಯಾಂಟುಗಳು ಅವಳ ಮುಂದೆ ರಾಶಿ ಬಿದ್ದು, ಹಿಂದಿನ ಐದು ಹೆಂಗಸರು ಕೈಕಟ್ಟಿ ಕೂತಿರುತ್ತಿದ್ದರು. ಮೇಲ್ವಿಚಾರಕಿ ನಾನು. ಹತ್ತು ನಿಮಿಷ ತಡ ಎಂದು ಬರೆದೆ. ದಿನವೂ ಬರೆದೆ.

ಎರಡನೇ ಎಚ್ಚರಿಕೆ ಪತ್ರ ಕೊಟ್ಟ ದಿನ ಅವಳು ನನ್ನ ಮೇಜಿನ ಬಳಿ ಬಂದಳು. "ಲಲ್ಲಾ ವಸೀಲಾ, ನಮ್ಮ ಮನೆಯವರಿಗೆ ಕೆಫೆ ಮುಂದೆ ಬರೋಕೆ ಮುಖ ಇಲ್ಲ. ನೀವು ಮನೇಲಿ ಒಂದ್ ಮಾತು ಹೇಳಿದ್ರೆ ಸಾಕಿತ್ತು" ಎಂದು ಗೌರವದಿಂದಲೇ ಹೇಳಿದಳು.

"ಕಾರ್ಖಾನೆ ಮಾತು ಕಾರ್ಖಾನೆಲಿ, ಮನೆ ಮಾತು ಮನೇಲಿ" ಎಂದುಬಿಟ್ಟೆ.

ಒಂದು ಮಾತು, ಎಮ್ನಾ. ಅದನ್ನು ಆಡಲಿಲ್ಲ. ಆಡಿದ್ದರೆ ನಿನ್ನ ಅಪ್ಪ ನಿಜಾರನ ಹೆಸರೆತ್ತುತ್ತಿದ್ದರು. ಅಳಿಯ ಕೆಲಸವಿಲ್ಲದೆ ಮನೆಯಲ್ಲಿ ಮಗುವಿನ ಬಟ್ಟೆ ಒಗೆಯುತ್ತಾನೆಂಬುದು ಊರಿಗೆ ತಿಳಿಯಬಾರದೆಂದು ಅವರು ಎಲ್ಲರಿಗೂ, ಅವನು ರಜೆಯಲ್ಲಿದ್ದಾನೆ ಎಂದೇ ಹೇಳುತ್ತಾ ಬಂದಿದ್ದಾರೆ. ನಾನೂ ಹಾಗೆಯೇ ಹೇಳಿದ್ದೇನೆ.

ಕೆಲಸದಿಂದ ತೆಗೆಯುವ ಮೂರನೇ ಪತ್ರಕ್ಕೆ ಮಾಲೀಕರು ನನ್ನಿಂದಲೂ ಸಹಿ ಹಾಕಿಸಿದರು. ಹಾಲೂಡಿಸಲು ನಮ್ಮ ಅಡ್ಡಿಯೇನೂ ಇಲ್ಲ, ಅದು ಕಾನೂನು, ನಮ್ಮ ತಕರಾರು ಹೊತ್ತಿನ ಶಿಸ್ತಿನದು ಮಾತ್ರ ಎಂದರು. ಅವರ ಮುಂದಿದ್ದದ್ದು ನನ್ನ ಕೈಬರಹ. ಬಸ್ಮಾ ಏಪ್ರನ್ ಮಡಚಿ, ನೂಲು ಕತ್ತರಿಯನ್ನು ಅದರ ಮೇಲಿಟ್ಟು ಕೊಟ್ಟಳು. ಅಳಲಿಲ್ಲ.

"ನಿಮ್ಮನ್ನ ಬೈಯಲ್ಲ ಲಲ್ಲಾ. ನಿಮ್ಮ ಮಕ್ಕಳು ಹೇಗೆ ದೊಡ್ಡವರಾದ್ರು ಅಂತ ಕೇಳ್ಬೇಕು ಅನ್ನಿಸ್ತು, ಅಷ್ಟೇ."

ಅಂದು ಊಟದ ಹೊತ್ತಿಗೆ ನಿನ್ನ ಅಪ್ಪನಿಗೆ ಎಲ್ಲ ಹೇಳಿದೆ, ದಾರಿಯ ವಿಷಯವನ್ನೂ ಬಿಡದೆ. "ಅಯ್ಯೋ ಪಾಪ. ಹೋಗ್ಲಿ ಬಿಡು, ಇನ್ನು ಮನೇಲಿ ಮಗು ನೋಡ್ಕೊಂಡು ಇರ್ತಾಳೆ" ಎಂದು ಹರೀಸಾ ಖಾರದ ಬಟ್ಟಲನ್ನು ಇತ್ತ ಸರಿಸು ಎಂದರು. ಸರಿಸಿದೆ. ಈಗ ಆ ಮನೆಯಲ್ಲಿ ಇಬ್ಬರೂ ಇದ್ದಾರೆ, ಕೆಲಸ ಇಬ್ಬರಿಗೂ ಇಲ್ಲ.

ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಸಹಿ ಹಾಕಬೇಡ. ಆ ಹುದ್ದೆ ಬೇರೆಯವರಿಗೆ ಹೋದರೆ ಹೋಗಲಿ. ನಿಜಾರನಿಗೆ ಹೇಳು, ಮಗುವನ್ನು ನಿನ್ನ ಕಚೇರಿಗೆ ಎತ್ತಿಕೊಂಡು ಬರುವಾಗ ದೊಡ್ಡ ಬೀದಿಯಲ್ಲೇ ಬರಲಿ. ನಗುವವರ ಮುಂದಿನ ದಾರಿಯೇ ಹತ್ತಿರದ್ದು. ಇನ್ನು ಮೇಲೆ ಯಾರು ಕೇಳಿದರೂ ಅಳಿಯ ಮಗು ನೋಡಿಕೊಳ್ಳುತ್ತಾನೆ ಎಂದೇ ಹೇಳುತ್ತೇನೆ. ಬಸ್ಮಾಳಿಗೆ ಅದರಿಂದ ಏನೂ ಆಗುವುದಿಲ್ಲ.

ಅಲ್ಲಾಹನು ನಿನ್ನ ಮಡಿಲನ್ನು ತಂಪಾಗಿಡಲಿ, ನಿನ್ನ ಮನೆಯಲ್ಲಿ ನಗು ಇರಲಿ. ಸೀರೀನಳ ಎರಡೂ ಅಂಗಾಲಿಗೆ ನನ್ನ ಮುತ್ತು.

ನಿನ್ನ ತಾಯಿ,
ವಸೀಲಾ

ಮತ್ತೆ: ನೀನು ಮೊಲೆ ಬಿಟ್ಟೆ ಎಂಬುದು ಸುಳ್ಳು. ಎರಡೇ ತಿಂಗಳಿಗೆ ಅಮ್ಮನನ್ನು ಬೇಡವೆಂದ ಹಠಮಾರಿ ಎಂದು ಹಬ್ಬಹಬ್ಬಕ್ಕೂ ನೆಂಟರ ಮುಂದೆ ನಗಿಸಿದವಳು ನಾನು. ನಿನಗೆ ಎರಡು ತಿಂಗಳಾದಾಗ ಅಂದಿನ ಮಾಲೀಕರು ಈಗ ನಿನ್ನ ಮುಂದಿರುವಂಥದೇ, ಬಿಡುವು ಬಿಟ್ಟುಕೊಡುವ ಕಾಗದ ಮುಂದಿಟ್ಟರು. ಸಹಿ ಹಾಕಿದೆ. ಅದಾಗಿ ನಾಲ್ಕು ತಿಂಗಳಿಗೆ ಮೇಲ್ವಿಚಾರಕಿಯಾದೆ. ರವಿಕೆ ಒದ್ದೆಯಾಗದಂತೆ ಕತ್ತರಿಸಿ ಬಿಟ್ಟ ಬಟ್ಟೆಯ ಚಿಂದಿಯನ್ನು ಒಳಗಿಟ್ಟುಕೊಳ್ಳುತ್ತಿದ್ದೆ. ಒಂದು ವಾರವಿಡೀ ನಿನ್ನ ಅಜ್ಜಿ ಹತ್ತು ಗಂಟೆಗೆ ನಿನ್ನನ್ನು ಗೇಟಿಗೆ ತಂದು ನಿಂತಳು. ನೀನು ಅಳುವುದು ನನ್ನ ಮಿಷನ್ನಿನ ತನಕ ಕೇಳುತ್ತಿತ್ತು. ನಾನು ಏಳಲಿಲ್ಲ. ಅಳು ಕೇಳದಿರಲೆಂದು ಪೆಡಲನ್ನು ಒತ್ತಿ ಹಿಡಿದೆ.