ಚನ್ನಗಿರಿಯಿಂದ ಪ್ರೇಮಮ್ಮ ಮತ್ತು ಶಿವಲೀಲಾ

ಚನ್ನಗಿರಿ
14-10-1982, ಗುರುವಾರ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿರುವ ನನ್ನ ಮಗಳು ಶಿವಲೀಲಾಳಿಗೆ, ನಿನ್ನ ಅಮ್ಮ ಮನಸಾರೆ ಮಾಡುವ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ಹೊಲಿಗೆ ಮಿಷನ್ನೂ ಚೆನ್ನಾಗಿದೆ. ರೇಡಿಯೋ ಕೂಡ ಚೆನ್ನಾಗಿದೆ ಎಂದು ಬರೆದರೆ ನೀನು ಕಾಗದವನ್ನು ಇಲ್ಲಿಗೇ ಮಡಚಿ ಟ್ರಂಕಿನ ತಳಕ್ಕೆ ಹಾಕಿಬಿಡುತ್ತೀಯ, ಅದಕ್ಕೇ ಅದರ ವಿಷಯ ಆಮೇಲೆ. ದಯವಿಟ್ಟು ಪೂರ್ತಿ ಓದು. ಈ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ನಿನಗೆ ಹೇಳದೆ ನನಗೆ ಊಟ ಸೇರುತ್ತಿಲ್ಲ. ಅದಕ್ಕೆಲ್ಲ ಕಾರಣವೂ ನೀನೇ.

ಮೊದಲು ಹೋದ ತಿಂಗಳು ನೀನು ನ್ಯಾಮತಿ ಹಾಸ್ಟೆಲಿನಿಂದ ಬರೆದ ಕಾಗದಕ್ಕೆ ಬರುತ್ತೇನೆ. ಭಾನುವಾರ ವಾರ್ಡನ್ ಅಮ್ಮ ರೇಡಿಯೋವನ್ನು ಜಗಲಿಗೆ ತಂದಿಡುತ್ತಾರೆ, ಹುಡುಗಿಯರೆಲ್ಲ ತಲೆ ಬಾಚಿಕೊಳ್ಳುತ್ತಾ ಕೋರಿಕೆ ಹಾಡುಗಳನ್ನು ಕೇಳುತ್ತಾರೆ, ಭದ್ರಾವತಿ ಸ್ಟೇಷನ್ನಿನವರು ‘ಚನ್ನಗಿರಿಯಿಂದ ಪ್ರೇಮಮ್ಮ ಮತ್ತು ಶಿವಲೀಲಾ’ ಎಂದ ಕೂಡಲೇ ಎಲ್ಲರೂ ನಿನ್ನ ಕಡೆ ತಿರುಗಿ ಕಿಸಕ್ಕನೆ ನಗುತ್ತಾರೆ. ಆಮೇಲೆ ವಾರವಿಡೀ ನಿನ್ನ ಹೆಸರು ಶಿವಲೀಲಾ ಅಲ್ಲ, ‘ಮತ್ತು’. ಊಟದ ಸಾಲಿನಲ್ಲಿ ನಿಂತರೂ ‘ಮತ್ತು ಬಂದ್ಲು, ಜಾಗ ಬಿಡ್ರೇ’ ಎನ್ನುತ್ತಾರೆ. ಅದರ ಮೇಲೆ ನಾನು ಒಂದು ಸಲ ನಲ್ಲ ನಲ್ಲೆ ಬೆಳದಿಂಗಳಲ್ಲಿ ಹಾಡುವ ಹಾಡಿಗೆ ನಿನ್ನ ಹೆಸರು ಸೇರಿಸಿ ಬರೆದುಬಿಟ್ಟೆ. ವಾರ್ಡನ್ ಅಮ್ಮನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರಂತೆ. ಬೇರೆ ಹುಡುಗಿಯರ ಅಮ್ಮಂದಿರು ಕಸೂತಿ ಹಾಕುತ್ತಾರೆ, ಹಪ್ಪಳ ಮಾಡುತ್ತಾರೆ, ನಿನ್ನ ಅಮ್ಮ ಮಾತ್ರ ರೇಡಿಯೋಗೆ ಕಾರ್ಡು ಬರೆಯುತ್ತಾಳೆ. ನಿನ್ನ ಹೆಸರು ಬರುವುದು ನಿಲ್ಲುವವರೆಗೆ ದಸರಾ ರಜೆಗೆ ಮನೆಗೆ ಬರುವುದಿಲ್ಲ, ಹೊನ್ನಾಳಿಯ ಗೆಳತಿಯ ಮನೆಗೆ ಹೋಗುತ್ತೇನೆ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ. ಎಳೆದ ರಭಸಕ್ಕೆ ಹಾಳೆ ಹರಿದಿತ್ತು.

ನನಗೂ ಸಿಟ್ಟು ಬಂತು, ಸುಳ್ಳೇಕೆ. ನಾಲ್ಕು ವರ್ಷದವಳಿದ್ದಾಗಿನಿಂದ ಒಬ್ಬಳೇ ಸಾಕಿದ್ದೇನೆ, ನನಗಿರುವ ಒಂದೇ ಒಂದು ಖಯಾಲಿಯನ್ನೂ ಈ ಹುಡುಗಿ ಸಹಿಸುವುದಿಲ್ಲವಲ್ಲ ಎನ್ನಿಸಿತು. ಆಮೇಲೆ ‘ಮತ್ತು’ ಎನ್ನುವುದನ್ನು ನೆನೆಸಿಕೊಂಡು ಮಿಷನ್ನಿನ ಮುಂದೆ ಒಬ್ಬಳೇ ನಕ್ಕೆ. ನಗು ಮುಗಿದ ಮೇಲೆ ನೀನು ಆ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿರುವುದು ಕಣ್ಣಿಗೆ ಕಟ್ಟಿತು. ‘ಆಗಲಿ ಮಗಳೇ, ಇನ್ನು ನಿನ್ನ ಹೆಸರು ಬರುವುದಿಲ್ಲ, ರಜೆಗೆ ಬಾ’ ಎಂದು ಅವತ್ತೇ ಕಾರ್ಡು ಹಾಕಿದೆ. ಅಮ್ಮ ಎಷ್ಟು ಸಲೀಸಾಗಿ ಒಪ್ಪಿದಳು ಎಂದುಕೊಂಡಿರಬೇಕು. ಸಲೀಸಾಗಿರಲಿಲ್ಲ. ಯಾಕೆ ಎಂದು ಆಗ ಬರೆಯಲಿಲ್ಲ, ಈಗ ಬರೆಯುತ್ತೇನೆ.

ಜಗಳೂರಿನಲ್ಲಿ ನನ್ನ ತವರಿದೆ, ಅವರು ನಮ್ಮೊಡನೆ ಮಾತಾಡುವುದಿಲ್ಲ ಎಂಬಷ್ಟು ನಿನಗೆ ಗೊತ್ತು. ನಾನು ನಿನ್ನ ಅಪ್ಪನನ್ನು, ಬಸ್ಸಿನ ಕಂಡಕ್ಟರ್ ಹಾಲಸ್ವಾಮಿಯನ್ನು, ಮನೆಯವರನ್ನು ಕೇಳದೆ ಮದುವೆಯಾದೆ. ಅವತ್ತಿನಿಂದ ನಿನ್ನ ಅಜ್ಜ ಬೆನಕಪ್ಪನವರು ನನ್ನ ಕಾಗದ ಹೊಸ್ತಿಲು ದಾಟಬಾರದು ಎಂದು ಕಟ್ಟುಮಾಡಿದರು. ಬರೆದದ್ದೆಲ್ಲ ವಾಪಸ್ಸು ಬಂತು. ನೀನು ಹುಟ್ಟಿದ್ದನ್ನು ಬರೆದೆ, ಅದೂ ಬಂತು. ನಿನ್ನ ಅಪ್ಪ ಕಾಮಾಲೆಯಾಗಿ ಹೋದದ್ದನ್ನು ಬರೆದೆ, ಅದೂ ಬಂತು. ಆಮೇಲೆ ನಾನು ಬರೆಯುವುದನ್ನು ಬಿಟ್ಟೆ.

ಹೀಗಿರುವಾಗ ಬಳೆ ಮಾರುವ ಕೆಂಪಕ್ಕ ಒಂದು ದಿನ ನಮ್ಮ ಮನೆಗೆ ಬಂದಳು. ಅವಳು ಜಗಳೂರಿನ ಕಡೆಯೂ ತಿರುಗುವವಳು. ನಾನು ಅದಾಗಲೇ ಖುಷಿಗೆಂದು ಹಾಡುಗಳಿಗೆ ಕಾರ್ಡು ಹಾಕುತ್ತಿದ್ದೆ. ಕೆಂಪಕ್ಕ ನನ್ನ ಕೈಗೆ ಬಳೆ ಏರಿಸುತ್ತಾ, ‘ನಿಮ್ಮವ್ವ ಭಾನುವಾರ ರೇಡಿಯೋ ಮುಂದೆ ಕುಂತ್ರೆ ಏಳಾಕೇ ಒಲ್ಲರು ಕಣಮ್ಮ. ನಿನ್ ಹೆಸ್ರು ಬಂತು ಅಂದ್ರೆ ಕಣ್ಣು ಒರೆಸ್ಕಂಡು ಒಳಗೋಗ್ತಾರೆ’ ಎಂದಳು. ನನ್ನ ಕೈಯಲ್ಲಿ ಎರಡು ಬಳೆ ಒಡೆದವು. ಕಾಗದವನ್ನು ಬಾಗಿಲಲ್ಲಿ ತಡೆದ ನಿನ್ನ ಅಜ್ಜ, ಪೇಟೆ ಧಾರಣೆ ಕೇಳಲು ತಾವೇ ರೇಡಿಯೋ ತಂದು ನಡುಮನೆಯಲ್ಲಿ ಇಟ್ಟಿದ್ದರು.

ಅವತ್ತಿನಿಂದ ನನ್ನ ಹೆಸರಿನ ಪಕ್ಕದಲ್ಲಿ ನಿನ್ನ ಹೆಸರು ಸೇರಿತು. ಅವ್ವ, ನನಗೊಬ್ಬಳು ಮಗಳಿದ್ದಾಳೆ, ಶಿವಲೀಲಾ ಅಂತ, ಇಬ್ಬರೂ ಈ ವಾರವೂ ಚೆನ್ನಾಗಿದ್ದೇವೆ. ಇಷ್ಟು ಹೇಳಲು ನಾನು ಕಂಡುಕೊಂಡ ದಾರಿ ಅದೊಂದೇ. ಹಾಡು ಯಾವುದಾದರೇನು. ಬೆಳದಿಂಗಳ ಹಾಡಿಗೆ ಬರೆದದ್ದೂ ಹಾಗೇ, ಅದು ಸ್ಟೇಷನ್ನಿನವರು ತಪ್ಪದೆ ಹಾಕುವ ಹಾಡು ಅಂತ.

ಆದರೆ ಎಲ್ಲವನ್ನೂ ಅವ್ವನ ಮೇಲೆ ಹಾಕಿ ನಾನು ಒಳ್ಳೆಯವಳಾಗುವುದಿಲ್ಲ. ನನಗೆ ನನ್ನ ಹೆಸರು ಕೇಳುವುದೆಂದರೆ ಇಷ್ಟ. ಊರಲ್ಲೆಲ್ಲ ನಾನು ‘ಹೊಲಿಗೆಯಮ್ಮ’, ನಿನ್ನ ಸ್ಕೂಲಿನಲ್ಲಿ ‘ಶಿವಲೀಲನ ತಾಯಿ’. ವಾರಕ್ಕೊಮ್ಮೆ ಯಾರೋ ಒಬ್ಬರು ಗಂಭೀರವಾದ ದನಿಯಲ್ಲಿ ಪ್ರೇಮಮ್ಮ ಎನ್ನುತ್ತಾರೆ. ಆ ಹೊತ್ತಿಗೆ ಕೈಯಲ್ಲಿರುವ ಕತ್ತರಿಯನ್ನು ಕೆಳಗಿಟ್ಟು ನೆಟ್ಟಗೆ ಕೂರುತ್ತೇನೆ. ಹೊನ್ನಾಳಿಯ ಷಣ್ಮುಖಪ್ಪ ಮತ್ತು ಮನೆಯವರು ಎಂದು ಒಬ್ಬರಿದ್ದಾರೆ, ಅವರ ಹೆಸರು ಯಾವಾಗಲೂ ನಮಗಿಂತ ಮೊದಲು ಬರುತ್ತದೆ. ಮುಖ ನೋಡಿದವಳಲ್ಲ, ಆದರೂ ಅವರನ್ನು ಕಂಡರೆ ನನಗಾಗುವುದಿಲ್ಲ.

ಇರಲಿ. ನಿನಗೆ ಕೊಟ್ಟ ಮಾತಿನಂತೆ ಕಾರ್ಡಿನಲ್ಲಿ ನನ್ನದೊಂದೇ ಹೆಸರು ಬರೆದೆ. ಬರೆಯುವಾಗ ಅವ್ವ ಏನಂದುಕೊಳ್ಳುತ್ತಾಳೋ ಎಂದು ಪೆನ್ನು ನಿಂತಿತು. ಕಣ್ಣಿಗೆ ಕಾಣದ ತಾಯಿಗಾಗಿ, ಇರುವ ಒಬ್ಬಳೇ ಮಗಳನ್ನು ದೂರ ಮಾಡಿಕೊಳ್ಳಲೇ ಎಂದು ಯೋಚಿಸಿ ಡಬ್ಬಿಗೆ ಹಾಕಿದೆ. ಭಾನುವಾರ ‘ಚನ್ನಗಿರಿಯಿಂದ ಪ್ರೇಮಮ್ಮ’ ಎಂದಷ್ಟೇ ಬಂತು. ಅದರ ಮುಂದಿನ ಭಾನುವಾರವೂ ಅಷ್ಟೇ. ಹಾಡು ಚೆನ್ನಾಗಿತ್ತು, ನಾನು ಕೇಳಲಿಲ್ಲ.

ಮೊನ್ನೆ ಮಂಗಳವಾರ ಮಧ್ಯಾಹ್ನ ಒಂದು ರವಿಕೆಗೆ ಕೊಕ್ಕೆ ಹಾಕುತ್ತಾ ಕೂತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ತಲೆ ತುಂಬ ಸೆರಗು, ಕೈಯಲ್ಲೊಂದು ಬಟ್ಟೆ ಚೀಲ, ಕಾಲೆಲ್ಲ ಧೂಳು. ಯಾರು ಎಂದು ಕೇಳುತ್ತಾ ಸೂಜಿ ಹಿಡಿದುಕೊಂಡೇ ಎದ್ದೆ. ಹದಿನಾಲ್ಕು ವರ್ಷವಾದ ಮೇಲೆ ಬಂದ ನನ್ನ ಅವ್ವ ನನ್ನ ಮುಖವನ್ನೇ ನೋಡಲಿಲ್ಲ ಕಣೇ. ನನ್ನ ಹೆಗಲ ಮೇಲಿಂದ ಒಳಗೆ ನೋಡುತ್ತಾ, ‘ಹುಡುಗಿ ಎಲ್ಲೈತೆ?’ ಎಂದಳು.

ನ್ಯಾಮತಿ ಹಾಸ್ಟೆಲಿನಲ್ಲಿದ್ದಾಳೆ ಎಂದೆ. ನಂಬಲಿಲ್ಲ. ‘ನನ್ ಮುಂದೆ ಸುಳ್ಳು ಹೇಳಬ್ಯಾಡ. ಎರಡು ವಾರದಿಂದ ಹುಡುಗಿ ಹೆಸ್ರು ಬಂದಿಲ್ಲ. ಏನಾತು ಹೇಳು, ತಡಕಂತೀನಿ’ ಎಂದು ಹೊಸ್ತಿಲ ಮೇಲೇ ಕುಸಿದು ಕೂತಳು. ಚೀಲದಲ್ಲಿ ಜ್ವರಕ್ಕೆಂದು ಒಣಶುಂಠಿ, ಕಾಳುಮೆಣಸು, ಹಣೆಗೆ ಹಚ್ಚಲು ಒಂದು ವಿಭೂತಿ ಗಟ್ಟಿ. ಕತ್ತಲಿರುವಾಗಲೇ ಎದ್ದು ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಕೆಟ್ಟದ್ದನ್ನೇ ಯೋಚಿಸಿಕೊಂಡು ಬಂದಿದ್ದಾಳೆ. ನಿನ್ನ ಲಂಗ, ನಿನ್ನ ಹಳೆಯ ಚಪ್ಪಲಿ, ಗೋಡೆಯ ಮೇಲಿನ ನಿನ್ನ ಫೋಟೋ, ಏನು ತೋರಿಸಿದರೂ ಅವಳ ಅಳು ಹೆಚ್ಚಾಯಿತೇ ಹೊರತು ನಿಲ್ಲಲಿಲ್ಲ.

ಕೊನೆಗೆ ಹೊಳೆಯಿತು. ನಿನ್ನ ಆ ಹರಿದ ಕಾಗದ ತಂದು, ಹೋದ ತಿಂಗಳು ಬಂದದ್ದು ಎಂದು ತಾರೀಖು ತೋರಿಸಿ, ಜೋರಾಗಿ ಓದಿದೆ. ಜಗಲಿ, ವಾರ್ಡನ್ ಅಮ್ಮ, ‘ಮತ್ತು ಬಂದ್ಲು’, ಹೊನ್ನಾಳಿ ಗೆಳತಿಯ ಮನೆ, ಯಾವುದನ್ನೂ ಬಿಡಲಿಲ್ಲ. ಅವ್ವ ಕಣ್ಣೊರೆಸಿಕೊಂಡು ಇನ್ನೊಂದು ಸಲ ಓದು ಎಂದಳು. ಎರಡನೆಯ ಸಲ ಗೆರೆ ಎಳೆದು ಹರಿದ ಜಾಗವನ್ನು ತಾನೇ ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ‘ಇಷ್ಟು ಸಿಟ್ಟು ಮಾಡೋಳು ಗಟ್ಟಿಮುಟ್ಟಾಗೇ ಐದಾಳೆ ಬಿಡು. ಥೇಟ್ ನಿನ್ನಂಗೆ’ ಎಂದಳು. ಹಾಗೆಂದ ಮೇಲೇ ಅವಳು ನನ್ನ ಮುಖ ನೋಡಿದ್ದು. ಆಮೇಲೆ ನಾವಿಬ್ಬರೂ ಅತ್ತದ್ದನ್ನು ನಿನಗೆ ಬರೆಯುವುದಿಲ್ಲ, ನಿನ್ನ ಗೆಳತಿಯರು ಓದಿದರೆ ನನಗೂ ಏನಾದರೂ ಹೆಸರಿಡುತ್ತಾರೆ.

ಉಪ್ಪಿಟ್ಟು ಮಾಡಿದೆ. ತಿಂದಳು, ಆದರೆ ಒಂದು ಕಡೆ ನೆಮ್ಮದಿಯಾಗಿ ಕೂರಲಿಲ್ಲ. ಘಳಿಗೆಗೊಮ್ಮೆ ಬೀದಿಯ ಕಡೆ ನೋಡುತ್ತಾ ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಳು. ರಾತ್ರಿ ಇದ್ದು ಹೋಗು ಎಂದರೆ ಕೇಳಲಿಲ್ಲ. ಉಳಿದ ಉಪ್ಪಿಟ್ಟನ್ನು ದಾರಿಗೆ ಬೇಕು ಎಂದು ಬಾಳೆಲೆಯಲ್ಲಿ ಕಟ್ಟಿಸಿಕೊಂಡಳು. ವಿಭೂತಿ ಗಟ್ಟಿಯನ್ನು ನಿನಗೆಂದು ಇಟ್ಟು ಹೋಗಿದ್ದಾಳೆ. ಶುಂಠಿ ಮೆಣಸು ವಾಪಸ್ಸು ಒಯ್ದಳು.

ಈಗ ನಮ್ಮಿಬ್ಬರ ವ್ಯವಹಾರ. ನಿನ್ನ ಹೆಸರನ್ನು ನಾನು ಮತ್ತೆ ಸೇರಿಸುವುದಿಲ್ಲ. ಅದು ನಿನ್ನದು, ಎಲ್ಲಿ ಕೂಗಿಸಬೇಕು ಎನ್ನುವುದು ನಿನಗೆ ಸೇರಿದ್ದು. ಇಷ್ಟು ದಿನ ನಿನ್ನನ್ನು ಒಂದು ಮಾತೂ ಕೇಳದೆ ನನ್ನ ಸುದ್ದಿಯನ್ನು ನಿನ್ನ ಹೆಸರಿನ ಮೇಲೆ ಹೊರಿಸಿ ಕಳಿಸಿದೆ. ಆದರೆ ನನ್ನ ಹೆಸರು ಬರುತ್ತದೆ, ಅದನ್ನು ಬಿಡು ಎಂದು ನೀನೂ ಕೇಳಬೇಡ. ಷಣ್ಮುಖಪ್ಪನವರಿಗಿಂತ ಮೊದಲು ಒಂದೇ ಒಂದು ಸಲ ಬರಬೇಕು, ಅಲ್ಲಿಯವರೆಗೆ ನಾನು ಸೋಲುವವಳಲ್ಲ. ರಜೆಯಲ್ಲಿ ನೀನಿರುವಾಗ ಕಿಟಕಿ ಮುಚ್ಚಿ ಸಣ್ಣದಾಗಿ ಹಾಕಿಕೊಳ್ಳುತ್ತೇನೆ, ಪಕ್ಕದ ಮನೆಗೆ ಕೇಳುವುದಿಲ್ಲ. ಇಷ್ಟಕ್ಕೆ ಒಪ್ಪಿಗೆಯಾದರೆ ಶನಿವಾರ ಸ್ಕೂಲು ಬಿಟ್ಟ ಮೇಲೆ ಬಸ್ಸು ಹತ್ತು. ನಿನಗೆಂದು ನೀಲಿ ಬಟ್ಟೆಯಲ್ಲಿ ಒಂದು ಲಂಗ ಕತ್ತರಿಸಿಟ್ಟಿದ್ದೇನೆ, ಅಳತೆ ಹಿಡಿಯಬೇಕು. ನೀನಿಲ್ಲದೆ ಮನೆ ಭಣಭಣ ಎನ್ನುತ್ತದೆ.

ನಿನ್ನ ಹಾದಿ ಕಾಯುತ್ತಿರುವ,
ಬರೀ ಪ್ರೇಮಮ್ಮ
(ಈ ಸಹಿಯ ಪಕ್ಕದಲ್ಲೂ ನಿನ್ನ ಹೆಸರು ಸೇರಿಸಿಲ್ಲ, ನೋಡು)

ವಿ. ಸೂ.: ಒಂದು ವಿಷಯ ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬರೆದರೆ ಎಲ್ಲಿ ಸುಳ್ಳಾಗಿಬಿಡುತ್ತದೋ ಎಂದು ಹೆದರಿಕೆ. ಅವ್ವನನ್ನು ಬಸ್ಸು ಹತ್ತಿಸಲು ಹೋದೆನಲ್ಲ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಮ್ಮ ಕಡೆ ಬೆನ್ನು ಹಾಕಿ, ಕೊಡೆ ಊರಿಕೊಂಡು ನಿನ್ನ ಅಜ್ಜ ಕೂತಿದ್ದರು. ಅವ್ವನ ಜೊತೆಯಲ್ಲೇ ಬಂದವರು, ಬಸ್ಸಿಳಿದಾಗಿನಿಂದಲೂ ಅಲ್ಲೇ ಇದ್ದರಂತೆ. ಉಪ್ಪಿಟ್ಟು ಅವರಿಗೆ. ದಾರಿಯಲ್ಲಿ ಅವ್ವ ನಿಜ ಹೇಳಿದಳು: ನಿನ್ನ ಹೆಸರು ಬರಲಿಲ್ಲ ಎಂದು ಮೊದಲು ಕೇಳಿದ್ದು ಅವಳಲ್ಲ. ಪ್ರತಿ ಭಾನುವಾರ ಮುಖದ ಮೇಲೆ ಟವೆಲ್ಲು ಹಾಕಿ ನಿದ್ದೆ ಮಾಡುವ ಹಾಗೆ ಮಲಗುವವರು, ಎರಡನೆಯ ವಾರ ಟವೆಲ್ಲು ತೆಗೆದು ‘ಆ ಹುಡುಗಿ ಹೆಸ್ರು ಯಾಕ್ ಓದ್ಲಿಲ್ಲ?’ ಎಂದರಂತೆ.

‘ಮೊಮ್ಮಗಳು ಚೆನ್ನಾಗೈದಾಳೆ’ ಎಂದು ಅವ್ವ ಹೇಳಿದ ಮೇಲೆ ಎಲೆ ಬಿಚ್ಚಿ ನಾನು ಮಾಡಿದ ಉಪ್ಪಿಟ್ಟನ್ನು ಒಂದು ಚೂರೂ ಬಿಡದೆ ತಿಂದರು. ನನ್ನ ಕಡೆ ತಿರುಗಲಿಲ್ಲ. ಬಸ್ಸು ಬಂದು ನಿಂತಾಗ, ರಸ್ತೆಯ ಕಡೆ ನೋಡುತ್ತಾ ಅದನ್ನೇ ಕೇಳುವವರ ಹಾಗೆ, ‘ಆ ಕಾರ್ಡು ಯಾವ ವಿಳಾಸಕ್ಕೆ ಹಾಕಬೇಕು?’ ಎಂದರು. ಹೇಳಿದೆ. ‘ಒಂದು ಕಾರ್ಡಿಗೆ ನಾಕು ಹೆಸ್ರು ಹಿಡಿತಾವಾ?’ ಎಂದರು. ಹಿಡಿಯುತ್ತವೆ ಅಪ್ಪಾಜಿ, ಆದರೆ ಹುಡುಗಿಗೆ ತನ್ನ ಹೆಸರು ರೇಡಿಯೋದಲ್ಲಿ ಬರುವುದು ಇಷ್ಟವಿಲ್ಲ ಎಂದೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಹೇಳಿದರು:

‘ಇಷ್ಟ ಇಲ್ಲ ಅಂದ್ರೆ ಆಕೆನೇ ಜಗಳೂರಿಗೆ ಬಂದು ನನ್ ಮುಂದೆ ಹೇಳ್ಲಿ.’