ನಾನೇ ಇಟ್ಟ ನಾಲ್ಕು ಚುಕ್ಕೆಗಳು

ಚಂದ್ರನ ಬೆನ್ನಿನ ವೀಕ್ಷಣಾ ಪೀಠ
ಇಸವಿ ೨೪೧೮, ಏಳನೆಯ ಹಗಲು

ಮುಂದೆಂದೋ ಈ ಕುರ್ಚಿಯಲ್ಲಿ ಕೂರುವವರಿಗೆ ಶಂಕ್ರವ್ವನ ನಮಸ್ಕಾರ.

ನನ್ನ ಮಾತು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ಇಲ್ಲಿಯ ಒಂದು ಹಗಲೆಂದರೆ ಭೂಮಿಯ ಹದಿನಾಲ್ಕು ದಿನ, ಮಾತಾಡಲು ಎರಡನೆಯ ಜೀವವಿಲ್ಲ. ನನ್ನ ಕನ್ನಡಕ್ಕೆ ತುಕ್ಕು ಹಿಡಿದಿದೆ.

ಕೆಲಸವೇನೋ ಸರಳ. ವರ್ಷಕ್ಕೊಮ್ಮೆ ದೂರದರ್ಶಕದಲ್ಲಿ, ನಾವು ಕಾಯುವ ದೂರದ ಎಳೆಯ ನಕ್ಷತ್ರದ ಎದುರು ಮರೆಬಿಲ್ಲೆ ತರಬೇಕು. ಬಿಸಿಲಿಗೆ ಅಂಗೈ ಅಡ್ಡ ಹಿಡಿದು ದಾರಿ ನೋಡುತ್ತೇವಲ್ಲ, ಹಾಗೆ ನಕ್ಷತ್ರವನ್ನಷ್ಟೇ ಮುಚ್ಚುವ ಬಿಲ್ಲೆ ಅದು. ಆಗ ಪಕ್ಕದಲ್ಲಿ ಮಂಕಾದ ಚುಕ್ಕೆಯೊಂದು ಕಾಣುತ್ತದೆ. ಹುಟ್ಟಿದ ಕಾವು ಇನ್ನೂ ಆರದ ಗ್ರಹ. ನಾವು ಅದನ್ನು ಕೂಸು ಎನ್ನುತ್ತೇವೆ. ಕೂಸು ಒಂದು ಸುತ್ತು ಬರಲು ಮುನ್ನೂರು ವರ್ಷ ಬೇಕು. ಹಾಗಾಗಿ ಒಬ್ಬೊಬ್ಬರೂ ವರ್ಷಕ್ಕೊಂದು ಚಿತ್ರದಂತೆ ಹತ್ತಾರು ಚುಕ್ಕೆ ಹಿಡಿದು ಮುಂದಿನವರಿಗೆ ಒಪ್ಪಿಸಿ ಹೋಗುತ್ತೇವೆ. ನನಗಿಂತ ಮೊದಲಿದ್ದ ರುದ್ರಗೌಡ ಕಾಕಾ ಹೊರಡುವಾಗ ಹೇಳಿದ್ದರು: "ಶಂಕ್ರವ್ವಾ, ಕಂಡದ್ದ ಬರಿ. ಕಾಣದಿದ್ರ ಕಾಣಲಿಲ್ಲ ಅಂತ ಬರಿ. ಅದೂ ಒಂದು ಸುದ್ದೀನ." ಈಗ ಅವರೂ ಇಲ್ಲ.

ನಾನು ಅವರ ಮಾತು ಕೇಳಲಿಲ್ಲ. ಬಂದ ಮೂರನೆಯ ವರ್ಷ ಬಿಲ್ಲೆ ಸಿಕ್ಕಿಕೊಂಡು ಅಲ್ಲಾಡದಾಯಿತು. ಸತತ ಎರಡು ವರ್ಷ ಚಿತ್ರ ತಪ್ಪಿದರೆ ಪೀಠ ಮುಚ್ಚುತ್ತಾರೆ. ಮುಚ್ಚಿದರೆ ನಾನೆಲ್ಲಿಗೆ ಹೋಗಲಿ? ಭೂಮಿಯ ಮೇಲೆ 'ಬಾರೆ ಶಂಕ್ರೀ' ಎಂದು ಕರೆಯುವವರು ಒಬ್ಬರೂ ಉಳಿದಿಲ್ಲ. ಕೂಸು ಮುಂದೆ ಎಲ್ಲಿರುತ್ತದೆಂದು ಹಿಂದಿನವರ ಚುಕ್ಕೆಗಳೇ ಹೇಳುತ್ತವಲ್ಲ ಎಂದುಕೊಂಡು, ಅವನ್ನು ಸೇರಿಸಿದ ಗೆರೆಯ ಮೇಲೆ ನಾನೇ ಒಂದು ಚುಕ್ಕೆ ಇಟ್ಟೆ. ನಾಲ್ಕು ವರ್ಷ ಹೀಗೇ ಇಟ್ಟೆ. ಭೂಮಿಯವರು ಶಹಬ್ಬಾಸ್ ಎಂದರು. ಆ ದಿನಗಳಲ್ಲಿ ಎರಡು ತಾಟು ಹಾಕಿಕೊಂಡು ಉಣ್ಣುತ್ತಿದ್ದೆ. ಕೊಳವೆಯಲ್ಲಿ ಬೆಳೆದ ಮೆಂತ್ಯದ ಪಲ್ಯವನ್ನು ಎದುರಿನ ತಾಟಿಗೂ ಬಡಿಸಿ, ಆಮೇಲೆ ಅದನ್ನೂ ನಾನೇ ತಿನ್ನುತ್ತಿದ್ದೆ. ನಗಬೇಡಿ, ನಿಮಗೂ ಆ ಕಾಲ ಬರುತ್ತದೆ.

ಈ ವರ್ಷ ಹೇಗೋ ಒದ್ದಾಡಿ ಬಿಲ್ಲೆ ಬಿಡಿಸಿದೆ. ನೋಡಿದರೆ ಕೂಸು ಗೆರೆಯ ಮೇಲಿಲ್ಲ! ಕೂದಲೆಳೆಯಷ್ಟು ಹೊರಕ್ಕೆ ಸರಿದಿದೆ. ಅಯ್ಯೋ ಶಿವನೇ, ಅದನ್ನು ಯಾವುದೋ ಎಳೆದಿದೆ. ಅಲ್ಲಿ ನಮ್ಮ ಚಿತ್ರಕ್ಕೆ ಇನ್ನೂ ಸಿಗದ ಇನ್ನೊಂದು ಕೂಸಿದೆ. ಅದು ಹತ್ತಿರ ಹಾದುಹೋದ ವರ್ಷಗಳಲ್ಲಿ ನಾನಿಲ್ಲಿ ಕೂತು ಸುಳ್ಳು ಚುಕ್ಕೆ ಇಡುತ್ತಿದ್ದೆ. ಬಿಲ್ಲೆ ಕೆಟ್ಟಿದೆ, ಬನ್ನಿ ಎಂದು ಕೇಳಿದ್ದರೆ ಯಾರಾದರೂ ಬರುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ.

ಭೂಮಿಯವರು ನನ್ನ ನಾಲ್ಕು ಸುಳ್ಳುಗಳನ್ನು ನಂಬಿ, ಈ ಒಂದು ನಿಜವನ್ನು ಯಂತ್ರದ ದೋಷವೆಂದು ತೆಗೆದುಹಾಕಲು ಹೊರಟರು. ಆಗ ತಡೆಯಲಾಗದೆ ಎಲ್ಲವನ್ನೂ ಒಪ್ಪಿಕೊಂಡೆ. ನನ್ನನ್ನು ಕರೆದೊಯ್ಯಲು ನೌಕೆ ಹೊರಟಿದೆ, ಪೀಠಕ್ಕೆ ಬೀಗ ಬೀಳುತ್ತದೆ. ಅವರು ನನ್ನ ಮಾತನ್ನು ಮೂಲೆಗೆ ಹಾಕಿದರೂ ಹಾಕಬಹುದು. ಅದಕ್ಕೇ ಇದನ್ನು ಬರೆದು ಕುರ್ಚಿಯ ಅಡಿಗೆ ಅಂಟಿಸುತ್ತಿದ್ದೇನೆ.

ನೀವು ಬರುವುದು ಐವತ್ತು ವರ್ಷಕ್ಕೋ ನೂರಕ್ಕೋ. ಬಂದಾಗ ನನ್ನ ನಾಲ್ಕು ಸುಳ್ಳು ಚುಕ್ಕೆಗಳನ್ನು ಅಳಿಸಿ, ಅವುಗಳ ನಂತರದ ಈ ವರ್ಷದ್ದನ್ನು ನಂಬಿ. ಅದರ ಹೊರಬದಿಯಲ್ಲಿ ಹುಡುಕಿ. ಎರಡನೆಯ ಕೂಸು ಕಂಡರೆ ಅದು ನಿಮ್ಮದು. ನನ್ನ ಹೆಸರು ಸೇರಿಸಬೇಡಿ.

ನೌಕೆ ತಲುಪಲು ಇನ್ನೂ ಮೂರು ದಿನವಿದೆ. ನನ್ನನ್ನು ಯಾರೂ ಕೇಳಿಲ್ಲ, ಆದರೂ ಬಿಲ್ಲೆ ತಂದಿಟ್ಟು ನೋಡುತ್ತ ಕೂತಿದ್ದೇನೆ.